ಸೇಫ್ಟಿ ಪಿನ್ನಿನ ಶಿಲುಬೆ

ಈ ಸಂಚಿಕೆಯ ಓದುಗರ ಪ್ರಶ್ನೆಗಳಿಗೆ ಉತ್ತರಿಸಿರುವವರು ದಕ್ಷಿಣ ಕನ್ನಡದ ಒಬ್ಬ ಧಾರ್ಮಿಕ ಭಗಿನಿ. ಮಲೆನಾಡಿನ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು.

ಪ್ರಶ್ನೆ: ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದೆ. ಅಲ್ಲಿ ಒಬ್ಬ ಸಿಸ್ಟರ್ ಕೊರಳಲ್ಲಿ ದಾರಕ್ಕೆ ಕಟ್ಟಿದ ಮರದ ಶಿಲುಬೆ ಇತ್ತು, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಇನ್ನೊಬ್ಬರದು ಬರೀ ಬೆಳ್ಳಿಯ ಶಿಲುಬೆ, ಅದರ ಮೇಲೆ ಏಸುವಿನ ಮೂರ್ತಿ ಇರಲಿಲ್ಲ. ಯಾರನ್ನೋ ನೋಡಲು ಬಂದಿದ್ದ, ನೀಲಿ ಅಂಚಿನ ಬಿಳಿ ಸೀರೆಯ ಇಬ್ಬರು ಮೂರ್ತಿಯಿದ್ದ ಪುಟ್ಟ ಶಿಲುಬೆಯನ್ನು ಎಡ ಭುಜದ ಸೆರಗಿಗೆ ಪಿನ್ನಿನಿಂದ ಚುಚ್ಚಿಕೊಂಡಿದ್ದರು. ಇದು ಹುದ್ದೆಯ ವ್ಯತ್ಯಾಸವೇ? ನಮ್ಮ ತಾಳಿಗೆ ಇರುವಂತೆ ಅದಕ್ಕೂ ಅರ್ಥವಿದೆಯೇ?
— ಒಬ್ಬ ಗೃಹಿಣಿ, ಸಾಗರ

ಉತ್ತರ: ಹುದ್ದೆಯಲ್ಲ. ಪೊಲೀಸರ ಭುಜದ ನಕ್ಷತ್ರಗಳನ್ನು ಎಣಿಸುವ ಹಾಗೆ ನಮ್ಮನ್ನು ಎಣಿಸಲು ಬರುವುದಿಲ್ಲ. ನಮ್ಮ ಮನೆಯ ಮುಖ್ಯಸ್ಥೆಯ ಕೊರಳಲ್ಲಿರುವುದೂ ಹಸುವಿನ ಕೊಟ್ಟಿಗೆ ನೋಡಿಕೊಳ್ಳುವ ಸಿಸ್ಟರ್ ಕೊರಳಲ್ಲಿರುವುದೂ ಒಂದೇ ಅಚ್ಚಿನವು. ನಿಜ ಹೇಳಬೇಕೆಂದರೆ ಕೊಟ್ಟಿಗೆಯವರದೇ ಹೆಚ್ಚು ಹೊಳೆಯುತ್ತದೆ, ಶನಿವಾರಕ್ಕೊಮ್ಮೆ ಬೂದಿ ಹಚ್ಚಿ ತಿಕ್ಕುವ ಅಭ್ಯಾಸ ಅವರಿಗೆ.

ವ್ಯತ್ಯಾಸವಿರುವುದು ಸಭೆಯಿಂದ ಸಭೆಗೆ. ಒಂದೇ ನಿಯಮವನ್ನು ಹಿಡಿದು ಬಾಳುವ ಭಗಿನಿಯರ ಬಳಗವನ್ನು ನಾವು ಸಭೆ ಎನ್ನುತ್ತೇವೆ. ಮಂಗಳೂರೊಂದನ್ನೇ ನೋಡಿ. 1870ರಲ್ಲಿ ಫ್ರಾನ್ಸಿನಿಂದ ಬಂದ ಅಪೊಸ್ತಲಿಕ್ ಕಾರ್ಮೆಲ್, 1887ರಲ್ಲಿ ಯೇಸುಸಭೆಯ (ಜೆಸ್ವಿಟ್) ಜರ್ಮನ್ ಗುರು ಅರ್ಬನ್ ಸ್ಟೈನ್ ಆರಂಭಿಸಿದ ಸಭೆ (ಇಂದಿನ ಉರ್ಸುಲೈನ್ ಫ್ರಾನ್ಸಿಸ್ಕನರು), 1921ರಲ್ಲಿ ಬೆಂದೂರಿನಲ್ಲಿ ಆರ್.ಎಫ್.ಸಿ. ಮಸ್ಕರೇನ್ಹಸ್ ಗುರುಗಳು ಹುಟ್ಟುಹಾಕಿದ ಬೆಥನಿ. ಹೀಗೆ ಹೇಳುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ. ಯಾರು ಯಾವ ಸಭೆಯವರೆಂದು ಅಲ್ಲಿನ ಹಳೆಯ ಬಸ್ ಕಂಡಕ್ಟರುಗಳು ನಮಗಿಂತ ಬೇಗ ಗುರುತಿಸುತ್ತಾರೆ.

ತಾಳಿಯ ಹೋಲಿಕೆಯನ್ನು ಓದಿ ಮೊದಲು ನಕ್ಕೆ, ಆಮೇಲೆ ಎರಡು ದಿನ ಅದನ್ನೇ ಯೋಚಿಸಿದೆ. ನಿತ್ಯವ್ರತದ ದಿನ, ಅಂದರೆ ಜೀವನಪೂರ್ತಿಯ ವ್ರತ ಕೈಗೊಳ್ಳುವ ದಿನ, ಅನೇಕ ಸಭೆಗಳಲ್ಲಿ ಉಂಗುರ ತೊಡಿಸುತ್ತಾರೆ. ತಾಳಿಗೆ ಹತ್ತಿರವಾದದ್ದು ಆ ಉಂಗುರ. ಶಿಲುಬೆಗೆ ಆ ಮಾತು ಹೊಂದುವುದಿಲ್ಲ. ತಾಳಿ ಮೊದಲಿನಿಂದಲೂ ಮಂಗಳದ ವಸ್ತು. ಶಿಲುಬೆ ಮೊದಲಿಗೆ ಕೊಲ್ಲುವ ಸಾಧನ. ರೋಮನ್ನರು ಗುಲಾಮರನ್ನೂ ದಂಗೆಕೋರರನ್ನೂ ಊರ ಹೊರಗೆ, ದಾರಿಹೋಕರ ಕಣ್ಣಿಗೆ ಬೀಳುವಂತೆ, ಮರಕ್ಕೆ ಜಡಿದು ಸಾಯಿಸುತ್ತಿದ್ದರು. ನೇಣುಗಂಬದ ಚಿಕ್ಕ ಪ್ರತಿಮೆಯನ್ನು ಮಾಡಿಸಿ ಕೊರಳಿಗೆ ಹಾಕಿಕೊಂಡರೆ ನೆಂಟರಿಷ್ಟರು ಏನೆಂದಾರು? ಆರಂಭದ ಶತಮಾನಗಳ ಕ್ರೈಸ್ತರು ಏಸುವನ್ನು ಶಿಲುಬೆಯ ಮೇಲೆ ಚಿತ್ರಿಸಿದ್ದೇ ತೀರಾ ಅಪರೂಪ. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನಲ್ಲಿ ಐದನೆಯ ಶತಮಾನದ ಒಂದು ಕೆತ್ತನೆ ಇದೆ, ಉಳಿದಿರುವ ಅತಿ ಹಳೆಯವುಗಳಲ್ಲಿ ಒಂದು. ಅದರಲ್ಲಿಯೂ ಮೂವರು ಕೈ ಚಾಚಿ ನಿಂತಿರುವುದು ಕಾಣುತ್ತದೆಯೇ ಹೊರತು ಶಿಲುಬೆಯನ್ನು ಹುಡುಕಬೇಕು. ಕೆತ್ತಿದವನಿಗೆ ಇನ್ನೂ ಸಂಕೋಚವಿತ್ತೇನೋ ಎಂದು ನನಗೆ ಅನಿಸುತ್ತದೆ.

ಸನ್ಯಾಸಿನಿಯೊಬ್ಬಳ ಕೊರಳ ಶಿಲುಬೆಯ ವಿಷಯದಲ್ಲಿ ನಾನು ಓದಿದ ಅತಿ ಹಳೆಯ ವರ್ಣನೆ ನಾಲ್ಕನೆಯ ಶತಮಾನದ್ದು. ಇಂದಿನ ಟರ್ಕಿಯಲ್ಲಿ, ಕಪ್ಪು ಸಮುದ್ರದ ದಂಡೆಯ ಪ್ರಾಂತ್ಯದಲ್ಲಿ ಮ್ಯಾಕ್ರಿನಾ ಎಂಬಾಕೆ ತಮ್ಮ ಮನೆತನದ ಜಮೀನಿನಲ್ಲೇ ಹೆಂಗಸರ ಆಶ್ರಮ ನಡೆಸುತ್ತಿದ್ದರು. ಹಿಂದೆ ಮನೆಯ ದಾಸಿಯರಾಗಿದ್ದವರೂ ಯಜಮಾನಿಯೂ ಅಲ್ಲಿ ಒಂದೇ ಊಟ ಉಣ್ಣುತ್ತಿದ್ದರು. 379ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ ತಮ್ಮ, ನಿಸ್ಸಾದ ಬಿಷಪ್ ಗ್ರೆಗರಿ ಬಂದರು. ಶಯ್ಯೆ ಎಂದರೆ ನೆಲದ ಮೇಲಿನ ಹಲಗೆ. ಕಣ್ಮುಚ್ಚಿದ ಮೇಲೆ ತಮ್ಮನಿಗೆ ಅಕ್ಕನನ್ನು ಒಳ್ಳೆಯ ಬಟ್ಟೆಯಲ್ಲಿ ಕಳುಹಿಸಬೇಕೆಂಬ ಆಸೆ. ಪೆಟ್ಟಿಗೆಯಲ್ಲಿ ಏನಾದರೂ ಎತ್ತಿಟ್ಟಿದ್ದಾರೆಯೇ ಎಂದು ಕೇಳಿದರು. ಜೊತೆಯಲ್ಲಿದ್ದ ಲ್ಯಾಂಪಾಡಿಯಾ ಅಳುತ್ತಾ, ಮೈಮೇಲಿನ ಹೊದಿಕೆ, ತಲೆಯ ವಸ್ತ್ರ, ಸವೆದ ಚಪ್ಪಲಿ, ಇಷ್ಟೇ ಇರುವುದೆಂದರು. ಆಮೇಲೆ ವೆಟಿಯಾನಾ ಎಂಬ ವಿಧವೆ ಮ್ಯಾಕ್ರಿನಾರ ತಲೆಗೂದಲನ್ನು ಸರಿಪಡಿಸುತ್ತಾ ಕೊರಳಿಗೆ ಕೈ ಹಾಕಿದಾಗ ತೆಳುವಾದ ದಾರವೊಂದು ಸಿಕ್ಕಿತು. ಅದರಲ್ಲಿ ಒಂದು ಶಿಲುಬೆ, ಒಂದು ಉಂಗುರ, ಎರಡೂ ಕಬ್ಬಿಣದವು. ಗ್ರೆಗರಿ, ಶಿಲುಬೆ ನಿಮಗಿರಲಿ, ಉಂಗುರ ನನಗೆ ಸಾಕು ಎಂದರು. ಒಳ್ಳೆಯದನ್ನೇ ಆರಿಸಿಕೊಂಡಿರಿ ಎಂದು ವೆಟಿಯಾನಾ ಹೇಳಿದರು. ಏಕೆಂದರೆ ಆ ಉಂಗುರದ ಹರಳಿನ ಜಾಗ ಟೊಳ್ಳಾಗಿತ್ತು. ಅದರೊಳಗೆ ಏಸುವಿನ ಶಿಲುಬೆಯದೆಂದು ಅವರು ನಂಬಿದ್ದ ಮರದ ಒಂದು ಚೂರಿತ್ತು. ಇದೆಲ್ಲವನ್ನೂ ಬರೆದಿಟ್ಟವರು ಗ್ರೆಗರಿಯವರೇ.

ಸಾಗರದ ತಾಯಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಈ ಕಥೆಯಲ್ಲೇ ಇದೆ. ಕಬ್ಬಿಣ, ಚಿನ್ನವಲ್ಲ. ಬಟ್ಟೆಯ ಒಳಗೆ, ತೋರಿಕೆಗಲ್ಲ. ಸತ್ತ ಮೇಲೆ ಇನ್ನೊಬ್ಬರ ಪಾಲಿಗೆ.

ನನ್ನ ಕೊರಳಿನದೂ ಇನ್ನೊಬ್ಬರಿಂದ ಬಂದದ್ದೇ. 1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನಾವು ಆರು ಜನ ಒಟ್ಟಿಗೆ ಮೊದಲ ವ್ರತ ಕೈಗೊಂಡೆವು. ತಟ್ಟೆಯಲ್ಲಿ ಆರು ಶಿಲುಬೆಗಳು ಸಾಲಾಗಿದ್ದವು, ಐದು ಹೊಚ್ಚ ಹೊಸವು. ಆರನೆಯದು ನನ್ನ ಪಾಲಿಗೆ ಬಂತು. ಅದರ ಮೇಲಿನ ಏಸುವಿಗೆ ಮೂಗಿಲ್ಲ, ಕಣ್ಣಿಲ್ಲ, ಮುಖವಿದ್ದ ಕಡೆ ಹುಣಸೆಬೀಜದಂಥ ನುಣುಪು. ಪೂಜೆ ಮುಗಿದು ಅಮ್ಮನೂ ಅಣ್ಣಂದಿರೂ ಮುತ್ತಿಕೊಂಡಾಗ ನಾನು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ನಿಂತಿದ್ದೆ. ಬಡತನದ ವ್ರತ ತೆಗೆದುಕೊಂಡು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಆಗಲೇ ಹೊಸದು ಸಿಗಲಿಲ್ಲವೆಂಬ ಮುನಿಸು.

ಮರುದಿನ ನಮ್ಮನ್ನು ತರಬೇತುಗೊಳಿಸಿದ ಮದರ್ ಬಳಿ ಹೋಗಿ, "ಇದರಲ್ಲಿ ಮುಖವೇ ಇಲ್ಲವಲ್ಲ ಮದರ್" ಎಂದೆ. ಅವರು ಬಟಾಣಿ ಸುಲಿಯುತ್ತಿದ್ದರು. ತಲೆಯೆತ್ತದೆಯೇ ಹೇಳಿದರು: "ಅಡುಗೆಮನೆಯ ಸಿಸ್ಟರದು ಅದು. ಮೂವತ್ತೊಂದು ವರ್ಷ ಬೆಳಗಿನ ಹಾಲು ಉಕ್ಕದಂತೆ ಕಾಯುತ್ತಾ ಹೆಬ್ಬೆರಳಿನಲ್ಲಿ ತಿಕ್ಕಿದ್ದಾರೆ. ಹಾಲು ಒಮ್ಮೆಯೂ ಉಕ್ಕಿರಲಿಲ್ಲ." ಅಷ್ಟೇ. ಮುಂದೆ ನನಗೆ ಕೊಟ್ಟದ್ದು ಶಾಲೆಯ ಕೆಲಸ, ಅಡುಗೆಯದಲ್ಲ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಾಗ ನನ್ನ ಹೆಬ್ಬೆರಳೂ ಅಲ್ಲಿಗೇ ಹೋಗುವುದನ್ನು ಎಷ್ಟೋ ವರ್ಷದ ಮೇಲೆ ಒಬ್ಬ ವಿದ್ಯಾರ್ಥಿನಿ ತೋರಿಸಿಕೊಟ್ಟಳು.

ಇನ್ನು ನೀವು ಕಂಡವರ ವಿಷಯ. ಟಿ ಆಕಾರದ ಮರದ ಶಿಲುಬೆ ಅಸಿಸ್ಸಿಯ ಸಂತ ಫ್ರಾನ್ಸಿಸರ ದಾರಿಯವರದು. ಅದು ಇಂಗ್ಲಿಷಿನ ಟಿ ಅಲ್ಲ, ತೌ. ಊರಿನಲ್ಲಿ ನಡೆಯುವ ಅಕೃತ್ಯಗಳಿಗೆ ನಿಟ್ಟುಸಿರಿಟ್ಟು ಅಳುವವರ ಹಣೆಯ ಮೇಲೆ ಗುರುತು ಹಾಕು ಎಂದು ದೇವರು ಹೇಳುವ ಮಾತು ಬೈಬಲಿನ ಯೆಜೆಕಿಯೇಲ ಪ್ರವಾದಿಯ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿದೆ. ಹೀಬ್ರೂ ಅಕ್ಷರಮಾಲೆಯ ಕೊನೆಯ ಅಕ್ಷರದ ಹೆಸರೇ ಆ ಗುರುತಿನ ಹೆಸರು. 1215ರಲ್ಲಿ ರೋಮಿನಲ್ಲಿ ಬಿಷಪರೆಲ್ಲ ಸೇರಿದ ಲ್ಯಾಟರನ್ ಮಹಾಸಭೆಯಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಇದೇ ವಾಕ್ಯವನ್ನು ಎತ್ತಿಕೊಂಡು ಪ್ರಬೋಧಿಸಿದರು. ಫ್ರಾನ್ಸಿಸರು ತೌ ಅನ್ನು ತಮ್ಮ ಸಹಿಯನ್ನಾಗಿಯೇ ಮಾಡಿಕೊಂಡರು. 1224ರಲ್ಲಿ ಅವರು ಸಹೋದರ ಲಿಯೋಗೆ ಬರೆದುಕೊಟ್ಟ ಆಶೀರ್ವಾದದ ಚರ್ಮಪತ್ರ ಇಂದಿಗೂ ಅಸಿಸ್ಸಿಯಲ್ಲಿದೆ, ಅದರ ಮೇಲೆ ದೊಡ್ಡದಾಗಿ ತೌ. ಅಂದರೆ ನಿಮ್ಮ ಅಮ್ಮನ ಕಣ್ಣಿಗೆ ಔಷಧಿ ಹಾಕಿದ ಸಿಸ್ಟರ್ ಕೊರಳಲ್ಲಿ ಇದ್ದದ್ದು, ಊರಿನ ದುಃಖಕ್ಕೆ ಅಳುವವರ ಗುರುತು.

ನೀಲಿ ಅಂಚಿನ ಸೀರೆಯವರು ಮದರ್ ತೆರೇಸಾರ ಮಿಷನರೀಸ್ ಆಫ್ ಚಾರಿಟಿ ಭಗಿನಿಯರು. 1948ರ ಆಗಸ್ಟ್ 17ರಂದು ಮದರ್ ತೆರೇಸಾ ಕೋಲ್ಕತ್ತದ ಲೊರೆಟೊ ಕಾನ್ವೆಂಟಿನ ಉಡುಪನ್ನು ಬಿಟ್ಟು ಅಗ್ಗದ ಬಿಳಿ ಸೀರೆಯುಟ್ಟು ಹೊರಬಂದರು. 1950ರ ಅಕ್ಟೋಬರ್ 7ರಂದು ಸಭೆಗೆ ಮಾನ್ಯತೆ ಸಿಕ್ಕಿತು. ಅವರ ಸೀರೆಗಳನ್ನು ಕೋಲ್ಕತ್ತದ ಬಳಿಯ ಟೀಟಾಗಢದ ಕುಷ್ಠರೋಗಿಗಳ ಕೇಂದ್ರದಲ್ಲಿ ಅಲ್ಲಿನವರೇ ನೇಯುತ್ತಾರೆ. ಶಿಲುಬೆಯನ್ನು ಕೊರಳಿಗೆ ಹಾಕದೆ ಭುಜಕ್ಕೇಕೆ ಚುಚ್ಚುತ್ತಾರೆ? ಎಡಗಡೆಯಾದ್ದರಿಂದ ಹೃದಯಕ್ಕೆ ಹತ್ತಿರ ಎನ್ನುತ್ತಾರೆ. ನನ್ನ ಊಹೆ ಇನ್ನೂ ಸರಳ. ನೆಲದಲ್ಲಿ ಮಲಗಿದವರನ್ನು ಬಗ್ಗಿ ಎತ್ತುವವರಿಗೆ, ಹುಣ್ಣು ತೊಳೆಯುವವರಿಗೆ, ಕೊರಳಿನಿಂದ ನೇತಾಡುವ ಯಾವುದೂ ಅಡ್ಡಿಯೇ. ನಾನೂ ಒಮ್ಮೆ ಜ್ವರದ ಹುಡುಗಿಯನ್ನು ಎತ್ತುವಾಗ ನನ್ನ ಶಿಲುಬೆ ಅವಳ ಹಲ್ಲಿಗೆ ತಗಲಿತ್ತು. ಸೆರಗೂ ನಿಲ್ಲಬೇಕು, ಶಿಲುಬೆಯೂ ನಿಲ್ಲಬೇಕು, ಎರಡಕ್ಕೂ ಒಂದೇ ಪಿನ್ನು. ಸೀರೆ ಉಡುವ ಯಾವ ಹೆಂಗಸಿಗೂ ಇದನ್ನು ವಿವರಿಸಬೇಕಿಲ್ಲ. ಅವರ ಪ್ರಾರ್ಥನಾಮಂದಿರಕ್ಕೆ ಹೋದರೆ ಗೋಡೆಯಲ್ಲಿ ದೊಡ್ಡ ಶಿಲುಬೆಯ ಪಕ್ಕದಲ್ಲಿ 'ನನಗೆ ದಾಹವಾಗಿದೆ' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಶಿಲುಬೆಯ ಮೇಲಿಂದ ಏಸು ಆಡಿದ ಮಾತು ಅದು. ಭುಜದ ಆ ಪುಟ್ಟ ಶಿಲುಬೆಯ ಅರ್ಥವೂ ಅದೇ: ಎದುರಿಗೆ ಬಿದ್ದಿರುವವನು ನೀರು ಕೇಳುತ್ತಿದ್ದಾನೆ.

ಮೂರ್ತಿಯಿಲ್ಲದ ಬರೀ ಶಿಲುಬೆಯನ್ನು ಅನೇಕ ಸಭೆಗಳವರು ಧರಿಸುತ್ತಾರೆ. ಏಸು ಎದ್ದರು, ಅಲ್ಲಿ ಉಳಿಯಲಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಅರ್ಥ. ಆದರೆ ಏಕಾಂತವಾಸದ ಕಾರ್ಮೆಲ್ ಮಠಗಳಲ್ಲಿ ಇದಕ್ಕಿಂತ ಕಟುವಾದ ಅರ್ಥವಿದೆ. ಅಲ್ಲಿ ಒಬ್ಬೊಬ್ಬರ ಕೋಣೆಯ ಗೋಡೆಗೂ ಮೂರ್ತಿಯಿಲ್ಲದ ಮರದ ದೊಡ್ಡ ಶಿಲುಬೆ ತೂಗುಹಾಕಿರುತ್ತಾರೆ. ಖಾಲಿ ಏಕೆಂದರೆ, ಆ ಜಾಗ ಕೋಣೆಯಲ್ಲಿರುವವಳದು. ನಾನು ಚಿಕ್ಕವಳಿದ್ದಾಗ ಇದನ್ನು ಕೇಳಿ ಹೆದರಿದ್ದೆ. ಈಗಲೂ ಪೂರ್ತಿ ಧೈರ್ಯ ಬಂದಿಲ್ಲ.

ಪ್ರಶ್ನೆ: ಶಿಲುಬೆಯ ನಾಲ್ಕು ತುದಿಗಳೆಂದರೆ ಬಡತನ, ಕನ್ಯತ್ವ, ವಿಧೇಯತೆ, ಸೇವೆ ಎಂಬ ನಾಲ್ಕು ವ್ರತಗಳು ಎಂದು ವಾಟ್ಸ್ಆಪ್‌ನಲ್ಲಿ ಬಂದಿದೆ. ಧರ್ಮೋಪದೇಶದ ಮಕ್ಕಳಿಗೆ ಇದನ್ನು ಹೇಳಿಕೊಡಬಹುದೇ?
— ಒಬ್ಬ ಶಿಕ್ಷಕ, ಹಾಸನ

ಉತ್ತರ: ಬೇಡಿ. ಶಿಲುಬೆಗೆ ನಾಲ್ಕು ತುದಿ ಬಂದದ್ದು ಬಡಗಿಯಿಂದ. ಎರಡು ಮರದ ತುಂಡು ಅಡ್ಡಡ್ಡ ಜೋಡಿಸಿದರೆ ಇನ್ನೆಷ್ಟು ತುದಿ ಬಂದೀತು? ಮಿಕ್ಕದ್ದು ಆಮೇಲೆ ಕುಳಿತು ಹೊಂದಿಸಿದ್ದು. ನಮ್ಮಲ್ಲಿ ಹೆಚ್ಚಿನವರ ವ್ರತಗಳು ಮೂರೇ. ಬಡವರಲ್ಲಿ ಕಡುಬಡವರಿಗೆ ಮನಃಪೂರ್ವಕವಾದ ಉಚಿತ ಸೇವೆ ಎಂಬ ನಾಲ್ಕನೆಯ ವ್ರತ ಮದರ್ ತೆರೇಸಾರ ಸಭೆಯವರದು.

ಎಣಿಕೆಗೆ ನಿಜವಾಗಿ ಅರ್ಥವಿರುವ ಕಡೆಗಳು ಬೇರೆ ಇವೆ, ಮಕ್ಕಳಿಗೆ ಅವನ್ನು ಹೇಳಿಕೊಡಿ. ಸಂತ ಫ್ರಾನ್ಸಿಸರ ದಾರಿಯವರಾದ ಫ್ರಾನ್ಸಿಸ್ಕನರ ಸೊಂಟದ ಹಗ್ಗದಲ್ಲಿ ಮೂರು ಗಂಟುಗಳಿರುತ್ತವೆ, ಅವು ಮೂರು ವ್ರತಗಳು. ಹದಿನಾಲ್ಕನೆಯ ಶತಮಾನದ ಸ್ವೀಡನ್ನಿನ ಸಂತ ಬ್ರಿಜಿತಾ ಸ್ಥಾಪಿಸಿದ ಸಭೆಯವರು ಶಿಲುಬೆಯನ್ನು ತಲೆಯ ಮೇಲೆಯೇ ಹೊರುತ್ತಾರೆ. ಕಪ್ಪು ಮುಸುಕಿನ ಮೇಲೆ ಬಿಳಿ ಬಟ್ಟೆಯ ಕಿರೀಟ, ಅದರ ಪಟ್ಟಿಗಳು ನಡುನೆತ್ತಿಯಲ್ಲಿ ಶಿಲುಬೆಯಾಗಿ ಕೂಡುತ್ತವೆ. ಆ ಪಟ್ಟಿಗಳ ಮೇಲೆ ಐದು ಕೆಂಪು ಚುಕ್ಕೆಗಳು, ಏಸುವಿನ ಐದು ಗಾಯಗಳಿಗೆ. ಹುಡುಗರು ಒಮ್ಮೆ ಆ ಚಿತ್ರ ನೋಡಿದರೆ ಮರೆಯುವುದಿಲ್ಲ.

ಶಿಲುಬೆಯ ನೆತ್ತಿಯಲ್ಲಿ ಕಾಣುವ ಐ, ಎನ್, ಆರ್, ಐ ಎಂಬ ನಾಲ್ಕು ಅಕ್ಷರಗಳನ್ನಂತೂ ತಪ್ಪದೆ ಹೇಳಿ. 'ನಜರೇತಿನ ಏಸು, ಯೆಹೂದ್ಯರ ಅರಸ' ಎಂಬುದರ ಲ್ಯಾಟಿನ್ ಮೊದಲಕ್ಷರಗಳವು. ಅದು ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪಿಲಾತನು ಬರೆಸಿದ ಆರೋಪಪಟ್ಟಿ. ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಬರೆಸಿದ್ದನೆಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅಣಕಿಸಲು ಬರೆಸಿದ ಬಿರುದನ್ನೇ ನಾವು ಎರಡು ಸಾವಿರ ವರ್ಷದಿಂದ ಅಳಿಸದೆ ಇಟ್ಟುಕೊಂಡಿದ್ದೇವೆ. ಕನ್ನಡ ಮೇಷ್ಟರಿಗೆ ವ್ಯಂಗ್ಯಾರ್ಥದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಪ್ರಶ್ನೆ: ನಮ್ಮೂರ ಶಾಲೆಯ ಹೊಸ ಸಿಸ್ಟರ್ ಚೂಡಿದಾರ ತೊಟ್ಟು ಸ್ಕೂಟರಿನಲ್ಲಿ ಓಡಾಡುತ್ತಾರೆ. ಮುಸುಕೂ ಇಲ್ಲ. ನಿಯಮ ಇಷ್ಟು ಸಡಿಲವಾಯಿತೇ?
— ಒಬ್ಬ ಹಳೆಯ ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ಸ್ಕೂಟರಿಗೆ ಮುಸುಕಿಗಿಂತ ಹೆಲ್ಮೆಟ್ ಮುಖ್ಯ.

1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪತ್ರದಲ್ಲಿ, ಧಾರ್ಮಿಕರ ಉಡುಪು ಸರಳವಾಗಿ, ಬಡತನಕ್ಕೆ ತಕ್ಕಂತೆ, ಆರೋಗ್ಯಕ್ಕೂ ಕಾಲದೇಶಗಳಿಗೂ ಮಾಡುವ ಕೆಲಸಕ್ಕೂ ಒಗ್ಗುವಂತೆ ಇರಬೇಕೆಂದು ಹೇಳಿದೆ. ನಮ್ಮ ಹಿರಿಯರು ಯೂರೋಪಿನ ಚಳಿಗೆಂದು ಹೊಲಿದ ನಿಲುವಂಗಿಯನ್ನು ಕರಾವಳಿಯ ಏಪ್ರಿಲ್ ತಿಂಗಳಿನಲ್ಲಿ ತೊಟ್ಟು, ಬೆವರುಸಾಲೆಗೆ ಶ್ರೀಗಂಧ ತೇಯ್ದು ಹಚ್ಚಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಪತ್ರದ ನಂತರ ಭಾರತದ ಅನೇಕ ಸಭೆಗಳಲ್ಲಿ ಸೀರೆ ಬಂತು. ಸೀರೆಯುಟ್ಟ ಮೇಲೆ ನಮ್ಮನ್ನು ಉಳಿದ ಹೆಂಗಸರಿಂದ ಬೇರೆಯಾಗಿ ತೋರಿಸುವುದು ಕೊರಳ ಶಿಲುಬೆಯೊಂದೇ. ಹಾಗೆಂದೇ ಅದರ ಮೇಲೆ ಮೊದಲಿಗಿಂತ ಹೆಚ್ಚಿನ ಭಾರ ಬಿತ್ತು. ಇಡೀ ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನುಸಂಹಿತೆಯ 669ನೆಯ ವಿಧಿಯ ಪ್ರಕಾರ ಪ್ರತಿ ಸಭೆಯವರೂ ತಮ್ಮ ನಿಯಮಾವಳಿ ಹೇಳಿದ ಉಡುಪನ್ನು ಧರಿಸಬೇಕು. ನಿಮ್ಮೂರ ಸಿಸ್ಟರ್ ನಿಯಮಾವಳಿ ಏನು ಹೇಳುತ್ತದೆಂದು ಅವರನ್ನೇ ಕೇಳಿ, ಕಾಫಿಗೆ ಕರೆದು ಕೇಳಿದರೆ ಇನ್ನೂ ಒಳ್ಳೆಯದು.

ನನಗೆ ವೈಯಕ್ತಿಕವಾಗಿ ಶಿಲುಬೆ ಕಾಣುವಂತಿರುವುದೇ ಇಷ್ಟ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಅದನ್ನು ನೋಡಿಯೇ ಮಾತು ತೆಗೆಯುತ್ತಾರೆ. ಮಗಳ ಅಂಕಪಟ್ಟಿ, ಗಂಡನ ಕುಡಿತ, ಏನೇನೋ. ಒಮ್ಮೆ ಕೊಟ್ಟಿಗೆಹಾರದ ಹತ್ತಿರ ಅಡಿಕೆ ಚೀಲದ ಮೇಲೆ ಕುಳಿತಿದ್ದ ಅಜ್ಜಿ ನನ್ನ ಶಿಲುಬೆಯನ್ನು ಎರಡು ಬೆರಳಲ್ಲಿ ಎತ್ತಿ ತೂಗಿ, "ಬೆಳ್ಳಿಯೇನಮ್ಮ?" ಎಂದರು. ಅಲ್ಲ, ನಿಕ್ಕಲ್ ಎಂದೆ. "ಪಾಪ" ಎಂದು ಬಿಟ್ಟರು. ಬಡತನದ ವ್ರತವನ್ನು ಅಷ್ಟು ಚುಟುಕಾಗಿ ಯಾರೂ ವ್ಯಾಖ್ಯಾನಿಸಿಲ್ಲ.

ಪ್ರಶ್ನೆ: ಸಿಸ್ಟರ್ ಆಗಿದ್ದ ನನ್ನ ಚಿಕ್ಕಮ್ಮ ಹೋದ ವರ್ಷ ತೀರಿಕೊಂಡರು. ಅವರ ಶಿಲುಬೆಯನ್ನು ಕಾನ್ವೆಂಟಿನವರು ನಮಗೆ ತಲುಪಿಸಿದ್ದಾರೆ. ಬೆಳ್ಳಿಯದಿರಬೇಕು, ಪೂರ್ತಿ ಕಪ್ಪಾಗಿದೆ, ದಪ್ಪವಾಗಿದೆ. ಹೆಂಡತಿ ವಿಭೂತಿ ಹಾಕಿ ತೊಳೆಯೋಣ ಎನ್ನುತ್ತಾಳೆ. ಮಗಳು ಸರಕ್ಕೆ ಪೋಣಿಸಿ ಹಾಕಿಕೊಳ್ಳುತ್ತೇನೆ ಎನ್ನುತ್ತಾಳೆ. ಏನು ಮಾಡಲಿ?
— ಒಬ್ಬ ಓದುಗರು, ಶಿರ್ವ

ಉತ್ತರ: ಚಿಕ್ಕಮ್ಮನವರಿಗೆ ಶಾಂತಿ ಸಿಗಲಿ. ನಮ್ಮ ಸಭೆಯಲ್ಲಿ ತೀರಿಕೊಂಡವರ ಶಿಲುಬೆಯನ್ನು ಮನೆಯವರಿಗೆ ಕೊಡುವುದಿಲ್ಲ. ಪೆಟ್ಟಿಗೆ ಮುಚ್ಚುವ ಮುನ್ನ ತೆಗೆದಿಡುತ್ತೇವೆ, ಜಪಸರ ಮಾತ್ರ ಅವರ ಕೈಯಲ್ಲೇ ಹೋಗುತ್ತದೆ. ತೆಗೆದವುಗಳು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಡಬ್ಬಿಯ ಉಸ್ತುವಾರಿ ಹನ್ನೊಂದು ವರ್ಷದಿಂದ ನನ್ನದು. ಈಗ ಹದಿನಾಲ್ಕು ಇವೆ. ಮುಂಚೆ ಡಬ್ಬಿ ಖಾಲಿಯಾಗುತ್ತಿತ್ತು, ಈಗ ತುಂಬುತ್ತಿದೆ, ವ್ರತಕ್ಕೆ ಬರುವ ಹುಡುಗಿಯರು ಕಡಿಮೆ. ಆದ್ದರಿಂದ ನಿಮ್ಮ ಮಗಳು ಹಾಕಿಕೊಳ್ಳುತ್ತೇನೆ ಎಂದದ್ದನ್ನು ಓದಿ ನನಗೆ ಸಂತೋಷವೇ ಆಯಿತು. ಹಾಕಿಕೊಳ್ಳಲಿ. ಚಿಕ್ಕಜ್ಜಿ ಎಲ್ಲೆಲ್ಲಿ ಕೆಲಸ ಮಾಡಿದರು, ಏನು ಮಾಡಿದರು ಎಂಬುದನ್ನು ಮೊದಲು ಅವಳಿಗೆ ಹೇಳಿ. ಗೊತ್ತಿಲ್ಲದಿದ್ದರೆ ಕಾನ್ವೆಂಟಿಗೆ ಫೋನ್ ಮಾಡಿ ಕೇಳಿ. ಜೊತೆಗಿದ್ದ ವಯಸ್ಸಾದ ಸಿಸ್ಟರುಗಳು ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ.

ವಿಭೂತಿ ಬೇಡ, ಹುಣಸೆಹಣ್ಣೂ ಬೇಡ. ನಮ್ಮ ಕೊಟ್ಟಿಗೆಯ ಸಿಸ್ಟರ್ ಮಾತನ್ನು ಈ ವಿಷಯದಲ್ಲಿ ಕೇಳಬೇಡಿ. ಮೆತ್ತನೆಯ ಒಣಬಟ್ಟೆಯಲ್ಲಿ ಅಂಚುಗಳನ್ನು ಒರೆಸಿ, ಮೂರ್ತಿಯನ್ನು ಮುಟ್ಟಬೇಡಿ. ಅದು ಸವೆದಿದ್ದರೆ ಎಲ್ಲಿ ಸವೆದಿದೆ ಎಂದು ಬೆಳಕಿಗೆ ಹಿಡಿದು ನೋಡಿ.

ಇನ್ನೊಂದು ಮಾತು. ದಪ್ಪವಾಗಿದೆ ಎಂದಿದ್ದೀರಿ. ಹಳೆಯ ಶಿಲುಬೆಗಳಲ್ಲಿ ಕೆಲವು ಒಳಗೆ ಟೊಳ್ಳಾಗಿರುತ್ತವೆ. ತುದಿಯಲ್ಲಿ ಅಥವಾ ಹಿಂಬದಿಯಲ್ಲಿ ಸಾಸಿವೆಯಷ್ಟು ಚಿಕ್ಕ ತಿರುಪು ಇದೆಯೇ ನೋಡಿ. ಇದ್ದರೆ ಫ್ಯಾನ್ ನಿಲ್ಲಿಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಆಮೇಲೆ ಬಿಚ್ಚಿ.